ಗುತ್ತಿಗೆ ಕೆರೆಯಲ್ಲಿ ಮೀನೆಷ್ಟಿದೆ, ತಿಳಿಯೋದು ಹೇಗೆ?

ಪ್ರಶ್ನೆ, ಜಗಳೂರು ಕಡೆಯಿಂದ: ನಮ್ಮ ಮೀನುಗಾರರ ಸಂಘಕ್ಕೆ ಮಳೆಯನ್ನೇ ನಂಬಿದ ಕೆರೆಯೊಂದು ಗುತ್ತಿಗೆಗೆ ಸಿಕ್ಕಿದೆ. ಕೋಡಿ ಬಿದ್ದಾಗ 60 ಹೆಕ್ಟೇರ್ ನೀರು. ಮರಿ ಎಷ್ಟು ಬಿಡಬೇಕು? ಆಮೇಲೆ ಮೀನೆಷ್ಟಿದೆ ಅಂತ ಅಂದಾಜು ಹಾಕೋದು ಹೇಗೆ? ಗೊತ್ತಿದ್ದವರು ಹೇಳ್ರಿ.

ಚನ್ನಗಿರಿಯಿಂದ: ಅಣ್ಣಾ, ಆ 60 ಅನ್ನೋದು ಕಾಗದದ ಲೆಕ್ಕ. ಭದ್ರಾ ನಾಲೆ ನೀರು ಬರೋ ಕೆರೆ ಬೇರೆ, ನಿಮ್ಮದು ಬೇರೆ. ಏಪ್ರಿಲ್ ಕೊನೆಗೆ ನೀರು ಎಲ್ಲಿಗೆ ಇಳಿಯುತ್ತೆ ಅಂತ ಊರ ಹಿರಿಯರನ್ನ ಕೇಳ್ರಿ. 20 ಹೆಕ್ಟೇರ್ ಉಳಿದರೆ ಸರಾಸರಿ 40. ಹೆಕ್ಟೇರಿಗೆ 2,000ದಂತೆ 80,000 ಮರಿ. ನೂರಕ್ಕೆ 30 ಬದುಕಿ ತಲಾ ಮುಕ್ಕಾಲು ಕಿಲೋ ತೂಗಿದರೆ 18 ಟನ್. 8–10 ಸೆಂ.ಮೀ. ಮರಿಯನ್ನೇ ತರಿಸಿ. ಅಗ್ಗ ಅಂತ 2–3 ಸೆಂ.ಮೀ. ಮರಿ ಬಿಟ್ಟರೆ ಕೊರವ, ಬಾಳೆ ಮೀನಿನ ಹೊಟ್ಟೆಗೆ ಹೋಗುತ್ತೆ.

ಹಿರಿಯೂರಿನಿಂದ: ಅಂದಾಜಿಗೆ ಗುರುತು ಹಾಕಿ ಬಿಡುವ ವಿಧಾನವೇ ಸರಿ. ಜನವರಿ ಹೊತ್ತಿಗೆ ಎಳೆಬಲೆಗೆ ಬಿದ್ದ 400 ಕಾಟ್ಲಾ ಹಿಡಿದು, ಹೊಟ್ಟೆಯ ಎಡರೆಕ್ಕೆಯನ್ನು ಕತ್ತರಿಯಿಂದ ಅರ್ಧಕ್ಕೆ ಕತ್ತರಿಸಿ. ಕೈ ಒದ್ದೆಯಿರಲಿ, ಮೈಮೇಲಿನ ಲೋಳೆ ಕಿತ್ತರೆ ಹುಣ್ಣಾಗುತ್ತದೆ. ಏರಿ ಬುಡದಲ್ಲೇ ಎಲ್ಲವನ್ನೂ ಬಿಡದೆ ಕೆರೆ ತುಂಬ ಹಂಚಿ. ವಾರ ಕಳೆದು 500 ಹಿಡಿದಾಗ ಅದರಲ್ಲಿ ಗುರುತಿನವು 8 ಇದ್ದರೆ, 400 × 500 ÷ 8 = 25,000. ಎರಡೋ ಮೂರೋ ಸಿಕ್ಕರೆ ಆ ಲೆಕ್ಕ ನಂಬಬೇಡಿ, ಇನ್ನಷ್ಟು ಬಲೆ ಎಳೆಯಿರಿ. ಗುರುತಿನ ಮೀನು ಸತ್ತಿದ್ದರೂ ಅಷ್ಟೇ, ಇಲ್ಲದ ಮೀನು ಇದೆ ಅಂತ ತೋರಿಸುತ್ತದೆ. ರೋಹು ಲೆಕ್ಕ ಬೇರೆಯೇ ಇಡಿ, ಅದು ಬಲೆಗೆ ಬೀಳುವ ರೀತಿ ಬೇರೆ.

ದಾವಣಗೆರೆಯಿಂದ: ಅಷ್ಟು ಕೆಲಸ ಆಗಲ್ಲ ಅಂದ್ರೆ ಒಂದು ನೋಟ್‌ಬುಕ್ ಇಡ್ರಿ. 100 ಮೀಟರ್ ಬಲೆಗೆ ಒಂದು ರಾತ್ರಿಗೆ ಎಷ್ಟು ಕಿಲೋ, ಬಲೆಯ ಕಣ್ಣು ಎಷ್ಟು, ಹತ್ತು ಮೀನಿನ ತೂಕ ಎಷ್ಟು, ಇಷ್ಟೇ. ಕಣ್ಣನ್ನ ಹಿಗ್ಗಿಸಿ ಗಂಟಿಂದ ಗಂಟಿಗೆ ಅಳೀರಿ, 90 ಮಿ.ಮೀ.ಗಿಂತ ಕಿರಿದಿದ್ದರೆ ಅರ್ಧ ಕಿಲೋ ಒಳಗಿನ ಕಾಟ್ಲಾ ಎಲ್ಲಾ ಸಿಕ್ಕಿಬೀಳುತ್ತೆ. ನೀರು ಇಳೀತಾ ಮೀನು ಒತ್ತಾಗುತ್ತೆ, ಆಗ ಬಲೆ ತುಂಬಿದ್ದನ್ನ ನೋಡಿ ಕೆರೆಯಲ್ಲಿ ಮೀನು ಬೇಕಾದಷ್ಟಿದೆ ಅನ್ಕೋಬೇಡ್ರಿ. ಮಾರ್ಚ್‌ನಿಂದಲೇ ದೊಡ್ಡವನ್ನ ತೆಗೀತಾ ಬನ್ನಿ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಡಿಯೋಕೆ ಶುರು ಮಾಡಿದರೆ ಅವತ್ತೇ ಬಲೆ ಹಾಕ್ರಿ, ಉಸಿರಿಗೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ.

ಜಗಳೂರು: ಕೋಡಿಗೆ ಜಾಲರಿ ಕಟ್ಟಬಹುದಾ?

ಚನ್ನಗಿರಿ: ಕಟ್ಟಬಹುದು, ಇಲಾಖೆಯವರನ್ನ ಕೇಳಿಕೊಂಡು. ಓರೆಯಾಗಿ ನಿಲ್ಲಿಸಿ. ಮಳೆಗಾಲದಲ್ಲಿ ಕಸ ತೆಗೆಯೋಕೆ ಒಬ್ಬರು ಅಲ್ಲೇ ಇರಬೇಕು, ಇಲ್ಲಾಂದ್ರೆ ಜೊಂಡು ಮೆತ್ತಿಕೊಂಡು ನೀರು ಏರಿಗೆ ಒತ್ತುತ್ತೆ.