7 ವರ್ಷದ ಮಗಳಿಗೆ ಕರಾಟೆಯೋ, ಟೇಕ್ವಾಂಡೋನೋ, ಗರಡಿಯೋ?

ವಿದ್ಯಾನಗರದಮ್ಮ
ಮಗಳು ಎರಡನೇ ಕ್ಲಾಸು, ನಾಚಿಕೆ ಸ್ವಭಾವ. ಶಾಲೆಯಲ್ಲೇ ಕರಾಟೆ ಇದೆ: 40 ಮಕ್ಕಳಿಗೆ ಒಬ್ಬರೇ ಮಾಸ್ತರು, ಸಿಮೆಂಟ್ ನೆಲ. ನಿಟುವಳ್ಳಿ ಕಡೆ ಒಂದು ತಗಡಿನ ಶೆಡ್ಡಿನಲ್ಲಿ ಟೇಕ್ವಾಂಡೋ. ಮ್ಯಾಟ್ ಹಾಕಿದಾರೆ, ಆದ್ರೆ "2 ವರ್ಷಕ್ಕೆ ಬ್ಲ್ಯಾಕ್ ಬೆಲ್ಟ್" ಅಂತಾರೆ. ಅವಳ ತಾತ "ದಾವಣಗೆರೆಯಾಗಿದ್ದು ಗರಡಿ ಬಿಟ್ಟು ಬೇರೇನು" ಅಂತ ಕೂತಿದಾರೆ. ಏನು ನೋಡಿ ಸೇರಿಸಬೇಕು?

ಹಿಮ್ಮಡಿ
ಮೇಡಂ, ಈ ವಯಸ್ಸಿಗೆ ಕಲೆಯ ಹೆಸರಿಗಿಂತ ನೆಲ, ಮಾಸ್ತರು ಮುಖ್ಯ. ದುಡ್ಡು ಕಟ್ಟೋ ಮುಂಚೆ ಒಂದು ಕ್ಲಾಸು ಪೂರ್ತಿ ಕೂತು ನೋಡ್ರಿ. ಕೂರಕ್ಕೆ ಬಿಡಲ್ಲ ಅಂದ್ರೆ ಅಲ್ಲಿಗೆ ಬಿಡ್ರಿ.

ಮೊದಲು ಮಕ್ಕಳ ಮುಷ್ಟಿ ನೋಡ್ರಿ. ಹೊಸ ಮಕ್ಕಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಸೇರಿಸ್ಕೊಂಡಿರ್ತಾರೆ. ಹಂಗೇ ಪ್ಯಾಡಿಗೆ ಗುದ್ದಿದ್ರೆ ಬೆರಳು ಮುರೀಬಹುದು. ಮಾಸ್ತರು ಸಾಲಿನ ನಡುವೆ ಓಡಾಡಿ ಅದನ್ನ ಹೊರಗೆ ತೆಗೆಸ್ತಾರಾ, ಇಲ್ಲ ಮುಂದೆ ನಿಂತು ಬರೀ ಎಣಿಸ್ತಾರಾ? 40 ಮಕ್ಕಳಿಗೆ ಒಬ್ಬರಾದ್ರೆ ಎಣಿಕೆಯೇ ಗತಿ. ಒಬ್ಬರಿಗೆ 15 ಮಕ್ಕಳು ಸರಿ, 20 ದಾಟಿದ್ರೆ ಸಹಾಯಕ್ಕೆ ಇನ್ನೊಬ್ಬರು ಬೇಕು.

ಆಮೇಲೆ ರೌಂಡ್ ಕಿಕ್, ಅಂದ್ರೆ ಪಕ್ಕದಿಂದ ಕಾಲು ಬೀಸಿ ಒದೆಯೋದು. ಒದೆಯುವಾಗ ನಿಂತ ಕಾಲಿನ ಹಿಮ್ಮಡಿ ತಿರುಗಬೇಕು. ಒರಟು ಸಿಮೆಂಟಿನ ಮೇಲೆ ಬರಿಗಾಲು ತಿರುಗಲ್ಲ, ಸೊಂಟ ತಿರುಗುತ್ತೆ, ನಡುವೆ ಸಿಕ್ಕಿಕೊಳ್ಳೋದು ಮಂಡಿ. ಮ್ಯಾಟ್ ಇದ್ರೂ ಜೋಡಣೆಯಲ್ಲಿ ಬಿರುಕು ಇದೆಯಾ ನೋಡ್ರಿ, ಕಾಲ್ಬೆರಳು ಸಿಗೋದು ಅಲ್ಲೇ. ಒದೆಯೋಕೆ 20–25 ಮಿ.ಮೀ. ದಪ್ಪ ಸಾಕು, ಜೂಡೋ ಥರ ಎತ್ತಿ ಹಾಕೋದಿದ್ರೆ 40 ಮಿ.ಮೀ. ಬೇಕು.

ಕಾಲು ಅಗಲಿಸಿ ಕೂರಿಸಿ ಮೇಲಿಂದ ಒತ್ತೋದು, ಮುಷ್ಟಿ ಮೇಲೆ ದಂಡ ಹೊಡೆಸೋದು, ಹೆಂಚು ಒಡೆಸೋದು ಕಂಡ್ರೆ ಎದ್ದು ಬಂದ್ಬಿಡ್ರಿ. ಮಕ್ಕಳ ಮೂಳೆ ತುದಿಗಳು ಇನ್ನೂ ಬೆಳೀತಿರೋ ಮೆದು ಜಾಗ.

ಬೆಲ್ಟ್ ಲೆಕ್ಕ
ಟೇಕ್ವಾಂಡೋದಲ್ಲಿ ಬ್ಲ್ಯಾಕ್ ಬೆಲ್ಟಿಗೆ ಮುಂಚೆ ಸಾಮಾನ್ಯವಾಗಿ 10 ಗಪ್, ಅಂದ್ರೆ ಹತ್ತು ಮೆಟ್ಟಿಲು. 3 ತಿಂಗಳಿಗೊಂದು ಪರೀಕ್ಷೆ ಅಂದ್ರೂ, ಒಂದೂ ತಪ್ಪದಿದ್ರೆ, ಎರಡೂವರೆ ವರ್ಷ. 2 ವರ್ಷ ಅಂದ್ರೆ ಎಲ್ಲೋ ಹಾರಿಸ್ತಾರೆ ಅಂತಲೇ ಅರ್ಥ. ಇನ್ನೊಂದು, ಟೇಕ್ವಾಂಡೋದ ಮುಖ್ಯ ಕೇಂದ್ರ ಕೊರಿಯಾದ ಕುಕ್ಕಿವಾನ್ 15 ವರ್ಷದೊಳಗಿನವರಿಗೆ ಕೊಡೋದು ಡಾನ್ (ದೊಡ್ಡವರ ಬ್ಲ್ಯಾಕ್ ಬೆಲ್ಟ್ ದರ್ಜೆ) ಅಲ್ಲ, ಮಕ್ಕಳ ದರ್ಜೆಯಾದ 'ಪೂಮ್'. ಆ ಬೆಲ್ಟ್ ಅರ್ಧ ಕೆಂಪು, ಅರ್ಧ ಕಪ್ಪು. "ಪೂಮ್ ಸರ್ಟಿಫಿಕೇಟ್ ಕುಕ್ಕಿವಾನ್‌ದಾ, ನಿಮ್ಮ ಕ್ಲಾಸಿನದಾ?" ಅಂತ ಕೇಳ್ರಿ, ಮುಖದಲ್ಲೇ ಉತ್ತರ ಕಾಣುತ್ತೆ.

ತಿಂಗಳ ಫೀಸು ಕಡಿಮೆ ಹೇಳಿ ಪರೀಕ್ಷೆ, ಬೆಲ್ಟ್, ಸರ್ಟಿಫಿಕೇಟ್, ಡ್ರೆಸ್ಸಲ್ಲಿ ವಸೂಲಿ ಮಾಡೋರೂ ಇದಾರೆ. ವರ್ಷದ ಒಟ್ಟು ಮೊತ್ತ ಚೀಟಿಯಲ್ಲಿ ಬರೆಸ್ಕೊಳ್ರಿ.

ಮಟ್ಟಿ ಮಣ್ಣು
ತಾತ ಹೇಳೋದು ತಳ್ಳಿಹಾಕೋ ಮಾತಲ್ಲ ಅಕ್ಕ. ದುಗ್ಗಮ್ಮನ ಜಾತ್ರೆ ಕುಸ್ತಿ ನೋಡಿದೋರಿಗೆ ಬೇರೇನು ರುಚಿಸುತ್ತೆ! ಮಹಿಳಾ ಕುಸ್ತಿ 2004ರಿಂದ ಒಲಿಂಪಿಕ್ಸಲ್ಲೂ ಇದೆ. ಆದ್ರೆ ಎಷ್ಟೋ ಹಳೇ ಗರಡಿಗಳಲ್ಲಿ ಹೆಣ್ಣುಮಕ್ಕಳನ್ನ ಮಟ್ಟಿಗೆ (ಕುಸ್ತಿ ಆಡೋ ಮಣ್ಣಿನ ಅಂಕಣಕ್ಕೆ) ಇಳಿಸಲ್ಲ, ಮ್ಯಾಟ್ ಕುಸ್ತಿ ಕಲಿಸೋ ಕಡೆ ವಿಚಾರಿಸ್ರಿ.

ಈ ವಯಸ್ಸಿಗೆ ಉರುಳೋದು, ಗದ್ದ ಎದೆಗೆ ಒತ್ತಿ ಬೀಳೋದು, ಆಟದ ಥರ ಹಿಡಿತ ಇಷ್ಟೇ. ಕುತ್ತಿಗೆ ಮೇಲೆ ಭಾರ ಹಾಕಿ ಮೈ ಬಿಲ್ಲಿನಂತೆ ಬಗ್ಗಿಸೋ 'ಸೇತುವೆ' ಕಸರತ್ತು ಬೇಡ. ತೂಕ ಇಳಿಸಲು ಊಟ ಬಿಡಿಸೋ ಕಡೆ ಕಾಲೇ ಇಡಬೇಡ್ರಿ. ಮೈಗೆ ಮೈ ತಾಗೋ ಆಟ, ಹುಳುಕಡ್ಡಿ ಬೇಗ ಹರಡುತ್ತೆ: ಉಗುರು ಕತ್ತರಿಸಿರಬೇಕು, ಮನೆಗೆ ಬಂದ ತಕ್ಷಣ ಸ್ನಾನ, ಟವೆಲ್ ಬೇರೆ.

ವಿದ್ಯಾನಗರದಮ್ಮ
ಶೆಡ್ಡಿನ ಕ್ಲಾಸಲ್ಲಿ ನಾಳೆ ಕೂತು ನೋಡ್ತೀನಿ. ಡ್ರೆಸ್ ಯಾವ ಸೈಜು? ಎತ್ತರ 120 ಸೆಂ.ಮೀ.

ಹಿಮ್ಮಡಿ
ಮೊದಲ ತಿಂಗಳು ಟಿ-ಶರ್ಟು, ಟ್ರ್ಯಾಕ್ ಪ್ಯಾಂಟೇ ಸಾಕು, ಅವಳಿಗೆ ಹಿಡಿಸುತ್ತಾ ನೋಡ್ರಿ. ಆಮೇಲೆ 130 ತಗೊಳ್ರಿ, ಹತ್ತಿ ಬಟ್ಟೆ ಮೊದಲ ಒಗೆತಕ್ಕೇ ಕುಗ್ಗುತ್ತೆ. ಒಗೆದ ಮೇಲೇ ಪ್ಯಾಂಟನ್ನ ಕಾಲಿನ ಗಂಟಿನವರೆಗೆ ಮಡಚಿ ಹೊಲೀರಿ. ತೋಳು ಅಂಗೈ ಮುಚ್ಚಬಾರದು, ಹಿಡಿಯುವಾಗ ಬೆರಳು ಸಿಕ್ಕಿಕೊಳ್ಳುತ್ತೆ. ತಗಡಿನ ಶೆಡ್ಡು ಏಪ್ರಿಲ್‌ನಲ್ಲಿ ಒಲೆ ಆಗುತ್ತೆ, ಬೆಳಗಿನ ಬ್ಯಾಚ್ ಕೇಳ್ರಿ, ಲೀಟರ್ ಬಾಟಲಿ ಜೊತೆಗಿರಲಿ. ಸಂಜೆ ಬ್ಯಾಚೇ ಆದ್ರೆ ದಾರಿಯಲ್ಲಿ ಮಂಡಕ್ಕಿ ಮಿರ್ಚಿ ಕೊಡಿಸೋದು ವಾಪಸ್ ಬರೋವಾಗ.