ಹೋಂಸ್ಟೇಗೆ ಡಾಟ್ ಇಟಿಎಚ್ ಹೆಸರು ತಗೊಳ್ಳಬಹುದಾ?

ಆಗುಂಬೆ_ದಾರಿ:
ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ವೆಬ್‌ಸೈಟ್ ಹೆಸರನ್ನು ಅಕ್ಕನ ಮಗ ತನ್ನ ಇಮೇಲ್‌ನಲ್ಲೇ ಮಾಡಿಕೊಟ್ಟಿದ್ದ. ಅವನು ವಿದೇಶಕ್ಕೆ ಹೋದ. ಓಟಿಪಿ ಬರುತ್ತಿದ್ದ ಸಿಮ್ ಸತ್ತಿತು. ಅವಧಿ ಮುಗಿದದ್ದು ಯಾರಿಗೂ ಗೊತ್ತಾಗಲಿಲ್ಲ. ಅವನ ಗುರುತಿನ ಚೀಟಿ, ನಮ್ಮನೆ ಕರೆಂಟ್ ಬಿಲ್ ಎಲ್ಲ ಕಳಿಸಿ ಹೆಸರು ವಾಪಸ್ ಬರಲು 3 ವಾರ ಹಿಡಿಯಿತು. ದಸರಾ ಬುಕಿಂಗ್ ಪೂರಾ ಹೋಯಿತು.

ಈಗ ಗೆಳೆಯನೊಬ್ಬ, "ಇಎನ್‌ಎಸ್‌ನಲ್ಲಿ ಹೆಸರು ತಗೋ, ಯಾವ ಕಂಪನಿಯ ಹಂಗೂ ಇಲ್ಲ" ಅನ್ನುತ್ತಿದ್ದಾನೆ. ಅದು ಎಥೀರಿಯಂ ಅನ್ನುವ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಎಲ್ಲರೂ ನೋಡಬಹುದಾದ ಹಂಚಿಕೆಯ ಲೆಕ್ಕದ ಪುಸ್ತಕದಲ್ಲಿ, ಡಾಟ್ ಇಟಿಎಚ್ ಅಂತ ಕೊನೆಯಾಗುವ ಹೆಸರು ಬರೆಸುವ ವ್ಯವಸ್ಥೆಯಂತೆ. ಹೆಸರು ಇರುವ ಡಿಜಿಟಲ್ ವಾಲೆಟ್ ತೆರೆಯುವ 12 ಗುಟ್ಟಿನ ಪದ ಬರೆದಿಟ್ಟುಕೊಂಡರೆ ಸಾಕಂತೆ. ನಮ್ಮಲ್ಲಿ ಆಷಾಢ ಬಂತೆಂದರೆ ಬೀರುವಿನೊಳಗಿನ ಪಹಣಿಗೂ ಬೂಷ್ಟು ಹಿಡಿಯುತ್ತದೆ. ಆ ಚೀಟಿ ಎಲ್ಲಿಡಲಿ?

ಸಾಗರದ_ಹುಡುಗ:
ಸ್ಟೀಲ್ ತಟ್ಟೆ ಮೇಲೆ ಕೊರೆಸಿಡಿ. ಮದುವೆ ಪಾತ್ರೆಗೆ ಹೆಸರು ಹಾಕಿಸುತ್ತೇವಲ್ಲ, ಹಾಗೆ. ಮಳೆ, ಗೆದ್ದಲು ಯಾವುದಕ್ಕೂ ಜಗ್ಗುವುದಿಲ್ಲ.

ತುಂಗಾತೀರ:
ಅಯ್ಯೋ ಮಾರಾಯ್ರೆ, ಪಾತ್ರೆ ಅಂಗಡಿಯಲ್ಲಿ ಮಾತ್ರ ಕೊರೆಸಬೇಡಿ! ಆ ಪದ ಓದಿದವನೇ ಹೆಸರಿನ ಯಜಮಾನ. ಮೊಳೆ, ಸುತ್ತಿಗೆ ಹಿಡಿದು ನೀವೇ ಕುಟ್ಟಿ. ಪ್ರತಿ ಪದದ ಮೊದಲ 4 ಅಕ್ಷರ ಸಾಕು. ಈ 12 ಪದ ಆರಿಸುವ 2048 ಇಂಗ್ಲಿಷ್ ಪದಗಳ ಪಟ್ಟಿಯಲ್ಲಿ ಯಾವ ಎರಡಕ್ಕೂ ಮೊದಲ 4 ಅಕ್ಷರ ಒಂದೇ ಇಲ್ಲ.

ಆದರೆ 3 ವಾರಕ್ಕಾದರೂ ನಿಮ್ಮ ಹೆಸರು ಬಂತಲ್ಲ, ಯಾಕೆ? ಕರೆಂಟ್ ಬಿಲ್ ನೋಡುವ ಮನುಷ್ಯನೊಬ್ಬ ಅಲ್ಲಿ ಕೂತಿದ್ದ. ಅವನಿಗೇ ಯಾರಾದರೂ ನಕಲಿ ಬಿಲ್ ತೋರಿಸಿದರೆ ಹೆಸರು ಅವರ ಪಾಲು, ಅದೂ ನಿಜ. ಇಎನ್‌ಎಸ್‌ನಲ್ಲಿ ಆ ಕುರ್ಚಿಯೇ ಇಲ್ಲ. ಅವಧಿ ಮಾತ್ರ ಇದೆ. 5 ಅಕ್ಷರ ಅಥವಾ ಜಾಸ್ತಿ ಇದ್ದರೆ ವರ್ಷಕ್ಕೆ 5 ಡಾಲರ್. ಕಟ್ಟದಿದ್ದರೆ 90 ದಿನ ಕಾದು ಬೇರೆಯವರಿಗೆ ಬಿಡುತ್ತದೆ. ನಿಮ್ಮ ಅಕ್ಕನ ಮಗ ಅಲ್ಲೂ ಮರೆಯುತ್ತಿದ್ದ!

ನೆನಪಿಡಲು ಸುಲಭ, ಮೋಸಕ್ಕೆ ಜಾಗವಿಲ್ಲ, ಮೇಲೊಬ್ಬ ಒಡೆಯನಿಲ್ಲ. ಈ ಮೂರೂ ಒಂದೇ ಹೆಸರಲ್ಲಿ ಸಿಗುವುದು ಕಷ್ಟ ಅಂತ ಝೂಕೊ ವಿಲ್ಕಾಕ್ಸ್ ಅನ್ನುವ ಕಂಪ್ಯೂಟರ್ ತಜ್ಞ 2001ರಲ್ಲೇ ಬರೆದಿದ್ದರು. ಗುರುತು ಮರೆಸಿ ಇಂಟರ್ನೆಟ್ ಬಳಸುವ ಟಾರ್ ಜಾಲದ ಆನಿಯನ್ ವಿಳಾಸಕ್ಕೆ ಮೇಲೊಬ್ಬ ಒಡೆಯನಿಲ್ಲ, ಆದರೆ 56 ಅಕ್ಷರ. ಅತಿಥಿಗೆ ಫೋನಿನಲ್ಲಿ ಹೇಳಿ ನೋಡಿ! ಬ್ಲಾಕ್‌ಚೈನ್‌ನಲ್ಲೇ ಹೆಸರು ಬರೆಸುವ 2011ರ ನೇಮ್‌ಕಾಯಿನ್, ಆಮೇಲೆ ಇಎನ್‌ಎಸ್ ಮೂರನ್ನೂ ಕೊಟ್ಟವು ಅಂತಾರೆ. ನನ್ನ ಕಣ್ಣಿಗೆ, ಹೊರೆಯನ್ನು ನಿಮ್ಮ ಬೀರುವಿಗೆ ದಾಟಿಸಿದವು ಅಷ್ಟೆ.

ಆಗುಂಬೆ_ದಾರಿ:
ಅತಿಥಿಗಳ ಕ್ರೋಮ್‌ನಲ್ಲಿ ತೆರೆಯುತ್ತದಾ?

ತುಂಗಾತೀರ:
ಕ್ರೋಮ್‌ನಲ್ಲಿ ನೇರವಾಗಿ ತೆರೆಯುವುದಿಲ್ಲ. ನಡುವೆ ಗೇಟ್‌ವೇ, ಅಂದರೆ ನಿಮ್ಮ ಪುಟ ತಂದು ತೋರಿಸುವ ಇನ್ನೊಂದು ವೆಬ್‌ಸೈಟ್ ಬೇಕು, ಅದು ಇನ್ಯಾರದ್ದೋ ಮಾಮೂಲಿ ಡಾಟ್ ಕಾಮ್ ಥರದ ಹೆಸರೇ. ಮತ್ತೆ ಹಂಗು! ಮುಂಗಡ ಹಣವನ್ನೂ ಅದೇ ಹೆಸರಿಗೆ ಹಾಕಿಸಿಕೊಂಡರೆ ನಿಮ್ಮ ವಾಲೆಟ್‌ನಲ್ಲಿ ಎಷ್ಟಿದೆ ಅಂತ ಊರಿಗೆಲ್ಲ ಕಾಣುತ್ತದೆ.

ಆಗುಂಬೆ_ದಾರಿ:
ಸರಿ ಬಿಡಿ. ಹಳೇ ಹೆಸರನ್ನೇ ನನ್ನ ಇಮೇಲ್‌ಗೆ ಬದಲಿಸಿ, ಆಟೋ ರಿನ್ಯೂ ಹಾಕಿದೆ. ಹೇಗೆ ಬರುತ್ತದೆ ನೋಡೋಣ ಅಂತ ತಟ್ಟೆಯೊಂದಕ್ಕೆ ಮೊಳೆ ಹೊಡೆದಿದ್ದೆ. ಅಮ್ಮ ಇನ್ನೂ ಬೈಯುತ್ತಿದ್ದಾರೆ.