ಪಡಿತರದ ಕಾಗದಪತ್ರಕ್ಕೆ ಬಡಾವಣೆಯ ಸಂಘ ನೆರವಾಗಬೇಕೆ?

ಕಣಜ: ನಮ್ಮ ಬಡಾವಣೆಯ ಮಹಿಳಾ ಸಂಘದವರು ಭಾನುವಾರಗಳಲ್ಲಿ ಎರಡು ಗಂಟೆ ಕುಳಿತು, ಬಡ ಕುಟುಂಬಗಳ ಪಡಿತರ ಚೀಟಿ, ಗೃಹಲಕ್ಷ್ಮಿ ಮತ್ತು ಪಿಂಚಣಿಯ ಕಾಗದಪತ್ರಗಳನ್ನು ಸರಿಪಡಿಸಿಕೊಡಬೇಕೆಂದು ನನ್ನ ಸಲಹೆ. ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಹೆಸರು ಇದ್ದರೆ ಸಾಕು, ಹಕ್ಕಿನ ಹಣ ನಿಂತುಹೋಗುತ್ತದೆ. 2023ರ ಜುಲೈನಲ್ಲಿ ರಾಜ್ಯ ಸರ್ಕಾರ ಅನ್ನಭಾಗ್ಯ ಯೋಜನೆಯ ಹೆಚ್ಚುವರಿ ಅಕ್ಕಿಯ ಬದಲು 170 ರೂಪಾಯಿ ಕೊಡಲು ತೊಡಗಿದಾಗಲೂ, ಖಾತೆಗೆ ಆಧಾರ್ ಜೋಡಣೆಯಾಗದ ಮನೆಗಳಿಗೆ ಅದು ತಲುಪಲಿಲ್ಲ.

ದಿಡ್ಡಿಬಾಗಿಲು: ಗ್ರಾಮ ಒನ್ ಕೇಂದ್ರಗಳನ್ನು ತೆರೆದಿರುವುದೇ ಇದಕ್ಕಾಗಿ, ಸರ್ಕಾರ ಮಾಡಬೇಕಾದ ಕೆಲಸವನ್ನು ನಾವು ಪುಕ್ಕಟೆಯಾಗಿ ಹೊತ್ತುಕೊಂಡರೆ ಅದು ಇನ್ನಷ್ಟು ಮೈಗಳ್ಳತನ ಕಲಿಯುತ್ತದೆ. ಅಷ್ಟಕ್ಕೂ ಒಂದು ಕುಟುಂಬಕ್ಕೆ ತಿಂಗಳಿಗೆ 170 ರೂಪಾಯಿ ಯಾವ ಮೂಲೆಗೆ?

ಮಲೆನಾಡಿಗ: ಕುಟುಂಬಕ್ಕಲ್ಲ ಸ್ವಾಮಿ, ತಲೆಗೆ. ಕಿಲೋಗೆ 34 ರೂಪಾಯಿಯಂತೆ ಐದು ಕಿಲೋ. ಐದು ಜನರಿದ್ದರೆ 850 ರೂಪಾಯಿ. ಲೆಕ್ಕವೇ ಗೊತ್ತಿಲ್ಲದವರು ಯೋಜನೆಯನ್ನು ಅಳೆಯಲು ಹೊರಡಬಾರದು.

ದಿಡ್ಡಿಬಾಗಿಲು: "ತಲೆಗೆ" ಎಂದಿರಲ್ಲ, ಕಡುಬಡವರ ಅಂತ್ಯೋದಯ ಕಾರ್ಡಿನ ಐವರಿಗೆ 850 ಬಂದಿತ್ತೆ? ಆ ಕಾರ್ಡಿಗೆ ಮೊದಲೇ 35 ಕಿಲೋ ಸಿಗುತ್ತಿದ್ದುದರಿಂದ, ತಲೆಗೆ ಹತ್ತು ಕಿಲೋದ ಲೆಕ್ಕದಲ್ಲಿ ಕಡಿಮೆ ಬಿದ್ದಷ್ಟಕ್ಕೇ ಹಣ: ನಾಲ್ವರಿದ್ದರೆ 170, ಐವರಿದ್ದರೆ 510 ಮಾತ್ರ. ಮೂವರಿಗೆ ಏನೂ ಇಲ್ಲ. ಲೆಕ್ಕ ಯಾರಿಗೆ ಗೊತ್ತಿಲ್ಲ?

ಮಲೆನಾಡಿಗ: ನಾನು ಬಿಪಿಎಲ್ ಚೀಟಿಯ ಮಾತನಾಡುತ್ತಿದ್ದೆ. ವಾದದಲ್ಲಿ ಸೋಲುವಾಗ ಕಾರ್ಡು ಬದಲಾಯಿಸುವುದು ಒಳ್ಳೆಯ ಉಪಾಯ.

ಅರಳಿಕಟ್ಟೆ: ಹಣ ಕೊಟ್ಟದ್ದೇ ತಪ್ಪು ಎಂಬುದಕ್ಕೆ 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿಯನ್ನೇ ಕೊಟ್ಟದ್ದು ಸಾಕ್ಷಿ. ಸಿದ್ಧಗಂಗೆಯ ದಾಸೋಹದಲ್ಲಿ ಪಂಕ್ತಿಗೆ ಕುಳಿತವನ ಖಾತೆಯ ಸಂಖ್ಯೆಯನ್ನು ಯಾರೂ ಕೇಳುವುದಿಲ್ಲ.

ಮಲೆನಾಡಿಗ: ಸಾಕ್ಷಿಯೂ ಅಲ್ಲ, ತಪ್ಪೊಪ್ಪಿಗೆಯೂ ಅಲ್ಲ. 2023ರ ಜೂನ್‌ನಲ್ಲಿ ಕೇಂದ್ರವು ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿದ್ದರಿಂದ ಹಣ ಕೊಡಬೇಕಾಯಿತು; ಮುಂದೆ ಕಿಲೋಗೆ 22 ರೂಪಾಯಿ 50 ಪೈಸೆಯಂತೆ ಅಕ್ಕಿ ಸಿಕ್ಕಿದ್ದರಿಂದ ಅಕ್ಕಿಯನ್ನೇ ಕೊಟ್ಟರು.

ಅರಳಿಕಟ್ಟೆ: ಎಲ್ಲದಕ್ಕೂ ಕೇಂದ್ರದ ಕಡೆ ಬೆರಳು ತೋರಿಸುವವರೊಡನೆ ಮಾತು ಬೆಳೆಸುವುದು ವ್ಯರ್ಥ. ನಿಮ್ಮ ಪಕ್ಷ ಯಾವುದೆಂದು ತಿಳಿಯಿತು.

ಮಲೆನಾಡಿಗ: ಅಂಕಿ ಹೇಳಿದರೆ ಪಕ್ಷ ಹುಡುಕುತ್ತೀರಿ! ನಾಚಿಕೆಯಾಗಬೇಕು!

ರಾಗಿರೊಟ್ಟಿ: ಇಪ್ಪತ್ತು ವರ್ಷ ಅಂಗನವಾಡಿಯಲ್ಲಿ ದುಡಿದವಳಾಗಿ ಒಂದು ಮಾತು. ಕಣಜ ಮೇಡಂ ಪಟ್ಟಿಯಲ್ಲಿ ಹೇಳದ ತೊಡಕೊಂದಿದೆ. ಸುಣ್ಣ, ಸಿಮೆಂಟು ಮುಟ್ಟಿ ಬೆರಳಿನ ರೇಖೆ ಸವೆದವರ ಹೆಬ್ಬೆಟ್ಟನ್ನು ಯಂತ್ರ ಒಪ್ಪುವುದಿಲ್ಲ, ಆ ಯಂತ್ರವಿರುವುದು ನ್ಯಾಯಬೆಲೆ ಅಂಗಡಿಯಲ್ಲಿ. ಆದ್ದರಿಂದ ಸಂಘದವರು ಸಭಾಭವನದಲ್ಲಿ ಕುಳಿತರೆ ಪ್ರಯೋಜನವಿಲ್ಲ, ಅಂಥವರ ಜೊತೆಯಲ್ಲಿ ಅಂಗಡಿಗೇ ಹೋಗಿ ನಿಲ್ಲಬೇಕು. ಜೊತೆಗೆ ಓದುಬರಹ ಬಲ್ಲವರೊಬ್ಬರಿದ್ದರೆ "ಸರ್ವರ್ ಇಲ್ಲ, ನಾಳೆ ಬಾ" ಎಂಬ ಉತ್ತರವೂ ಸ್ವಲ್ಪ ಮೆದುವಾಗುತ್ತದೆ.

ದಿಡ್ಡಿಬಾಗಿಲು: "ಮೆದುವಾಗುತ್ತದೆ" ಎನ್ನುವುದೇ ಶಿಫಾರಸಿನ ಸಂಸ್ಕೃತಿ. ಹಕ್ಕಿಗೆ ಜಾಮೀನುದಾರರೇಕೆ?

ರಾಗಿರೊಟ್ಟಿ: ನಿಮ್ಮ ಸಿದ್ಧಾಂತ ಗೆಲ್ಲುವವರೆಗೆ ಆ ಮನೆಯ ಒಲೆ ಕಾಯುವುದಿಲ್ಲ.

ಕಣಜ: ಹಾಗಾದರೆ ಅಂಗಡಿಗೇ ಹೋಗೋಣ. ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಂಗಡಿ ತೆರೆದಿರುತ್ತದೆಯೇ ಎಂದು ವಿಚಾರಿಸುತ್ತೇನೆ. ಮೂರು ಮನೆಯವರು ಬರುವೆನೆಂದಿದ್ದಾರೆ. ನಿಮ್ಮಲ್ಲಿ ಯಾರು ಬರುತ್ತೀರಿ?

ದಿಡ್ಡಿಬಾಗಿಲು: ಮೊದಲು ಮಲೆನಾಡಿಗರು ಅಂತ್ಯೋದಯದ ಲೆಕ್ಕವನ್ನು ಒಪ್ಪಿಕೊಳ್ಳಲಿ.